ತೊಗಲು ಒಳಗೆ, ಮಗಳು ಹೊರಗೆ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಈ ಪತ್ರ ನಿಮ್ಮ ಮೂಗಿನ ಬಗ್ಗೆ. ಗಜೇಂದ್ರಗಡದ ಸಮಗಾರ ಕರೆಪ್ಪನ ಮಗಳು ಬಾಳವ್ವನಿಗೆ ನಮ್ಮೂರ ಕಾನ್ವೆಂಟ್ ಶಾಲೆಯ ಐದನೇ ಇಯತ್ತೆಯಲ್ಲಿ ಪ್ರವೇಶ ಕೊಡಲಾಗದು ಎಂದು ತಾವು ಅಪ್ಪಣೆ ಮಾಡಿದ್ದೀರಿ. ಕಾರಣವನ್ನು ತಮ್ಮ ಮಾತಿನಲ್ಲಿಯೇ ಹೇಳುತ್ತೇನೆ: “ಸದರಿ ಬಾಲಿಕೆಯ ಮನೆತನದ ಚರ್ಮದ ಕಸುಬಿನ ದುರ್ಗಂಧದಿಂದ ಇತರ ವಿದ್ಯಾರ್ಥಿನಿಯರಿಗೆ ಬಾಧೆಯಾಗುವುದೆಂಬ ಶಾಲಾ ಮಂಡಳಿಯ ಅಭಿಪ್ರಾಯವು ಸಮಂಜಸವಾಗಿದೆ.” ಕೆಳಗೆ ಸಹಿ, ಪಕ್ಕದಲ್ಲಿ ದುಂಡನೆಯ ಮೊಹರು. ಒಂದು ಹುಡುಗಿಯ ಬಾಳಿಗೆ ಬಾಗಿಲು ಹಾಕಲು ಇಷ್ಟು ಮಸಿ ಸಾಕಾಯಿತು.

ತಮಗೆ ಆ ಶಾಲೆಯ ಪ್ರಾರ್ಥನಾ ಮಂದಿರ ಗೊತ್ತಿದೆ. ಅಲ್ಲಿರುವ ಪೈಪ್ ಆರ್ಗನ್ನೂ ಗೊತ್ತಿದೆ. ಊರ ಮಂದಿ ಅದನ್ನು ಕೊಳವಿ ಪೇಟಿ ಅನ್ನುತ್ತಾರೆ. ಮುಂದೆ ಆಳೆತ್ತರದ ಕೊಳವೆಗಳ ಸಾಲು, ಮಗ್ಗುಲಲ್ಲಿ ಅವಕ್ಕೆ ಗಾಳಿ ಊದುವ ತಿದಿ. ಕಮ್ಮಾರನ ತಿದಿಯ ಜಾತಿಯದೇ, ಆದರೆ ಚಕ್ಕಡಿಯಷ್ಟು ಅಗಲ. ಮಡಿಕೆ ಮಡಿಕೆಯಾದ ಅದರ ಮೈಯೆಲ್ಲ ತೊಗಲು. ಸಮುದ್ರದಾಚೆಯಿಂದ ಬಂದ ಆ ತೊಗಲು ನಮ್ಮ ಎರೆಸೀಮೆಯ ಬಿಸಿಲು ತಡೆಯದೆ ಮೂರು ವರ್ಷದ ಹಿಂದೆ ಬಿರಿದು ಹೋಯಿತು. ಸಿಸ್ಟರುಗಳು ಮದ್ರಾಸಿಗೆ ಬರೆದರು, ಮುಂಬಯಿಗೆ ಬರೆದರು. ಯಾರೂ ಬರಲಿಲ್ಲ. ಆಗ ನೆನಪಾದವನು ಕರೆಪ್ಪ. ಅವನ ಓಣಿಯ ದಾರಿ ಆವತ್ತು ಎಲ್ಲರಿಗೂ ಗೊತ್ತಿತ್ತು!

ಹದಿನೇಳು ಆಡಿನ ತೊಗಲನ್ನು ತಂಗಡಿ ಗಿಡದ ತೊಗಟೆಯ ನೀರಿನಲ್ಲಿ ನೆನೆಸಿ, ಹದ ಮಾಡಿ, ವೀಳ್ಯದೆಲೆಯಷ್ಟು ತೆಳ್ಳಗೆ ಹೆರೆದು, ಒಂದು ತಿಂಗಳು ಮಂದಿರದ ನೆಲದ ಮೇಲೆ ಕೂತು ಆ ತಿದಿಗೆ ಹೊಸ ಮೈ ಮಾಡಿದ. ಗಾಳಿ ಸೋರುವ ಜಾಗ ಹುಡುಕಲು ಬೀಡಿ ಹಚ್ಚಿ ಮಡಿಕೆಗಳ ಗುಂಟ ಹಿಡಿಯುತ್ತಿದ್ದ. ಹೊಗೆ ಎಲ್ಲಿ ಅಳ್ಳಾಡಿತೋ ಅಲ್ಲಿ ತೂತು. ದೊಡ್ಡ ಸಿಸ್ಟರು ಕಂಡು, “ದೇವರ ಮನೆಯಲ್ಲಿ ಬೀಡಿಯೇ?” ಎಂದು ಗದರಿದರು. ಕರೆಪ್ಪ ತಲೆ ಎತ್ತದೆ ಹೇಳಿದನಂತೆ: “ನಾ ಸೇದಾಕತ್ತಿಲ್ರಿ ಅಮ್ಮಾರ, ನಿಮ್ಮ ಪೇಟಿನ ಸೇದಾಕತ್ತೈತಿ!” ಅವರೂ ನಕ್ಕರಂತೆ. ನಗಲಿಕ್ಕೆ ಅಡ್ಡಿಯಿರಲಿಲ್ಲ. ಬೆಂಚಿನ ಮಾತು ಬಂದಾಗ ಅಡ್ಡಿ ಬಂತು.

ಕಳೆದ ಜನವರಿಯಲ್ಲಿ ತಾವು ತಪಾಸಣೆಗೆ ಬಂದಿರಿ. ದೊಡ್ಡವರಿಗೆ ವಾದ್ಯ ಚೆನ್ನಾಗಿ ಕೇಳಲೆಂದು ತಮ್ಮ ಕುರ್ಚಿಯನ್ನು ಹಾಕಿದ್ದು ಎಲ್ಲಿ? ತಿದಿಯ ಮಗ್ಗುಲಲ್ಲಿ. ಮೊಳ ದೂರವೂ ಇಲ್ಲ. ಒಂದು ತಾಸು ಕೂತಿರಿ. ಹದಿನೇಳು ತೊಗಲು ಏರಿ ಇಳಿದು ತಮ್ಮ ಮೋರೆಗೇ ಉಸಿರು ಬಿಟ್ಟವು. ತಾವು ಮೂಗು ಮುಚ್ಚಿಕೊಂಡಿರೇ? ಇಲ್ಲ. ಕಣ್ಣು ಮುಚ್ಚಿಕೊಂಡಿರಿ. ಆಮೇಲೆ ಷರಾ ಪುಸ್ತಕದಲ್ಲಿ ಬರೆದಿರಿ: “ಈ ವಾದ್ಯದಲ್ಲಿ ಪರಮಾತ್ಮನ ಉಸಿರನ್ನು ಕೇಳಿದೆ.” ಪರಮಾತ್ಮನದೋ ಏನೋ ಸ್ವಾಮಿ, ನನಗೆ ಗೊತ್ತಿಲ್ಲ. ಅದು ಹಾದು ಬಂದದ್ದು ಜಕ್ಕಲಿ ಸಂತೆಯ ಆಡಿನ ತೊಗಲಿನಿಂದ, ಕರೆಪ್ಪನ ಹೊಲಿಗೆಯಿಂದ. ಜನವರಿಯಲ್ಲಿ ಪರಿಮಳವಾಗಿದ್ದದ್ದು ಜೂನಿನಲ್ಲಿ ದುರ್ಗಂಧವಾದದ್ದು ಹೇಗೆ? ತೊಗಲು ಕೆಟ್ಟಿತೋ, ಮೂಗು ಕೆಟ್ಟಿತೋ?

ಬಾಳವ್ವನಿಗೆ ಹತ್ತು ವರ್ಷ. ಸರಕಾರಿ ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಮೊದಲನೆಯವಳಾಗಿ ಪಾಸಾಗಿದ್ದಾಳೆ. ಮುಂದೆ ಹೆಣ್ಣುಮಕ್ಕಳಿಗೆ ಇರುವುದು ಆ ಕಾನ್ವೆಂಟ್ ಒಂದೇ. “ನಮ್ಮದೇನೂ ಅಭ್ಯಂತರವಿಲ್ಲ, ದೊಡ್ಡ ಮನೆಗಳವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಾರೆ” ಎಂದರು ದೊಡ್ಡ ಸಿಸ್ಟರು. ಆ ದೊಡ್ಡ ಮನೆಗಳವರ ಕಾಲಲ್ಲಿರುವ ಚಪ್ಪಲಿ ಯಾವ ಮರದಲ್ಲಿ ಬಿಟ್ಟವು? ಅರ್ಜಿ ಕೊಡಲು ಹೋಗುವ ದಿನ “ಚಲೋ ಅಂಗಿ ಹಾಕ್ಕೊಂಡು ಬಾ ಕರೆಪ್ಪ, ಚಾಕು ಚೀಲ ಮನ್ಯಾಗ ಇಟ್ಟು ಬಾ” ಎಂದು ಬುದ್ಧಿ ಹೇಳಿದವನು ನಾನೇ. ಇವತ್ತು ನಾಚಿಕೆಯಾಗುತ್ತದೆ. ಎರಡು ಚಳವಳಿ, ಒಂದು ಜೈಲು ಕಂಡ ನನ್ನ ಬಾಯಲ್ಲೂ ನಿಮ್ಮ ಮೂಗೇ ಮಾತಾಡಿತ್ತು.

ಬಾಳವ್ವನ ತಾಯಿ ಹೊನ್ನವ್ವ ಕೇಳುತ್ತಾಳೆ: “ನನ್ನ ತಮ್ಮ ಅಬ್ಬಿಗೇರಿಯಿಂದ ಎರಡ ಸಲ ಬಂದು ಹೆಣ್ಣ ಕೇಳಿ ಹೋದ. ಸಾಲಿಗೆ ಹೊಂಟಾಳಂತ ತಡದಿದ್ದೆ. ಇನ್ನ ಏನಂತ ತಡೀಲ್ರಿ ದೇವಪ್ಪಾರ?” ತಾವೇ ಉತ್ತರ ಕೊಡಿ. ದೀಪಾವಳಿಗೆ ಆ ಕೂಸಿನ ಕೊರಳಿಗೆ ತಾಳಿ ಬಿದ್ದರೆ, ಅದರ ಹಗ್ಗ ಹೊಸೆದವರು ತಾವು. ಅಸ್ಪೃಶ್ಯತೆ ಅಪರಾಧವೆಂದು ದಿಲ್ಲಿಯಲ್ಲಿ ಕಾಯಿದೆಯಾಗಿ ಎರಡು ವರ್ಷವಾಯಿತು. ಕನ್ನಡ ನಾಡು ಒಂದಾಗಿ ಎಂಟು ತಿಂಗಳಾಯಿತು. ಪೇಡೆ ಹಂಚಿದೆವು, ಮೆರವಣಿಗೆ ಮಾಡಿದೆವು. ಬೀದರ ಬಂತು, ಬಳ್ಳಾರಿ ಬಂತು. ಊರೊಳಗಿನ ಸಮಗಾರ ಓಣಿ ಮಾತ್ರ ಇನ್ನೂ ಯಾವ ರಾಜ್ಯದಲ್ಲಿದೆ?

ಈಗ ಕೇಳಿ. ಆಗಸ್ಟ್ ಹದಿನೈದಕ್ಕೆ ಧ್ವಜ ಏರಿಸಲು ತಾವು ಮತ್ತೆ ಆ ಶಾಲೆಗೆ ಬರುವವರಿದ್ದೀರಿ. ಆದರೆ ಮಳೆಗಾಲದ ತಂಪಿಗೆ ತಿದಿಯ ಅಂಟು ಬಿಟ್ಟಿದೆ. ವಾದ್ಯ ದಮ್ಮಿನ ರೋಗಿಯಂತೆ ಗೊರಗೊರ ಅನ್ನುತ್ತಿದೆಯಂತೆ. ಮೊನ್ನೆ ಶಾಲೆಯ ಜವಾನ ಕರೆಪ್ಪನನ್ನು ಕರೆಯಲು ಬಂದ. ಕರೆಪ್ಪ ಚೀಲ ಎತ್ತಿಕೊಂಡೇ ಬಿಟ್ಟ. “ಪೇಟಿ ಏನ ಪಾಪ ಮಾಡೈತ್ರಿ?” ಎಂದ ನನಗೆ. ಹೊನ್ನವ್ವ ಬಾಗಿಲಲ್ಲಿ ನಿಂತಿದ್ದಳು. “ಹೋಗ್ರಿ, ಲಗೂ ಹೋಗ್ರಿ. ಆಡಿನ ತೊಗಲಿಗೆ ಒಳಗ ಜಾಗಾ ಐತಿ. ನಿಮ್ಮ ಮಗಳು ಆಡಾಗಿ ಹುಟ್ಟಬೇಕಿತ್ತು” ಎಂದಳು. ಕರೆಪ್ಪ ಚೀಲ ಗೂಟಕ್ಕೆ ತೂಗುಹಾಕಿ ಜವಾನನಿಗೆ ಹೇಳಿದ: “ಮೊದಲ ಆಕಿ ಬೆಂಚಿನ ಮ್ಯಾಲ ಕುಂಡ್ರಲಿ. ಆಮ್ಯಾಲ ನಾ ತಿದಿ ಮುಟ್ಟತೀನಿ ಅಂತ ಹೇಳ್ರಿ.”

ನಮ್ಮ ಬೇಡಿಕೆಯೂ ಅಷ್ಟೇ. ಆಗಸ್ಟ್ ಹದಿನೈದರೊಳಗೆ ಬಾಳವ್ವನ ಹೆಸರು ಹಾಜರಿ ಪುಸ್ತಕದಲ್ಲಿ ಇರಬೇಕು. ಹಿಂದಿನ ಮೂಲೆಯಲ್ಲಲ್ಲ, ಸಾಲಿನ ನಡುವಿನ ಬೆಂಚಿನಲ್ಲಿ ಅವಳು ಕೂತಿರಬೇಕು. ಆಗದು ಅನ್ನುವುದಾದರೆ ತಮ್ಮ ಸಮಂಜಸ ಅಭಿಪ್ರಾಯಕ್ಕೆ ತಕ್ಕಂತೆ ಆ ದುರ್ಗಂಧದ ತೊಗಲುಗಳನ್ನೂ ತಮ್ಮ ಕೈಯಾರೆ ಬಿಚ್ಚಿ ಹೊರಗೆ ಕಳಿಸಿ. ಆಡಿನ ತೊಗಲು ತೆಳುವು, ಚಪ್ಪಲಿಯ ಅಟ್ಟೆಗೆ ಬಾರದು, ಮೇಲಿನ ಪಟ್ಟಿಗೆ ಸಾಕು ಅನ್ನುತ್ತಾನೆ ಕರೆಪ್ಪ. ಬಾಳವ್ವನಿಗೆ ಒಂದು ಜೋಡು ಚಪ್ಪಲಿ ಹೊಲಿಸುತ್ತೇವೆ. ತಮ್ಮ ಕಚೇರಿ ದೂರವಿದೆ. ಅವಳು ನಡೆದೇ ಬರುತ್ತಾಳೆ.

ಇಂತಿ,
ನಾಲ್ಕು ಅರ್ಜಿಗಳಲ್ಲಿ ‘ವಿನಯಪೂರ್ವಕ’ ಎಂದು ಬರೆದು ಕೈ ಸೋತ,
ದೇವಪ್ಪ
ಗಜೇಂದ್ರಗಡ, ಜುಲೈ ೧೯೫೭