ರಟ್ಟಿನ ಹೆರಿಗೆ ಚಕ್ರ

ಮೇ 12, ಸೋಮವಾರ

ಬಸುರಿಯರ ದಿನ. ಮೂವತ್ತೊಂದು ಜನ. ಬಿ.ಪಿ., ತೂಕ, ಟೇಪು, ಕೊನೆಗೆ ಚಕ್ರ. ಉಳಿದ ನರ್ಸುಗಳು ಮೊಬೈಲಲ್ಲೇ ನೋಡುತ್ತಾರೆ. ನನಗೆ ಈ ರಟ್ಟಿನ ಚಕ್ರವೇ ಇಷ್ಟ. ಅಪ್ಪ ಮೈನ್ಸ್ ಆಫೀಸಿನಲ್ಲಿ ಲೆಕ್ಕ ಹಾಕಲು ಜಾರಿಸುತ್ತಿದ್ದ ಸ್ಲೈಡ್ ರೂಲ್ ಪಟ್ಟಿ ಉದ್ದಕ್ಕಿತ್ತು, ಇದು ದುಂಡಗೆ — ಜಾತಿ ಒಂದೇ. ಕಡೆಯ ಮುಟ್ಟಿನ ತಾರೀಖಿಗೆ ಬಾಣ ತಿರುಗಿಸಿದರೆ ಸಾಕು, ಹೆರಿಗೆಯ ದಿನ ಎದುರಿಗೇ.

ಕೊನೆಯವಳು ರಾಧಾಮಣಿ. ಚೊಚ್ಚಲು. ಏನು ಕೇಳಿದರೂ ಉತ್ತರ ಅತ್ತೆ ಪಾಪಕ್ಕನದು. "ನಾಗರಪಂಚಮಿ ದಿನ ಒರಗಾಗಿದ್ಲು ಸಿಸ್ಟರಮ್ಮ. ಉತ್ತಕ್ಕೆ ಆಲೆರೆಯಕ್ಕೂ ಬರ್ಲಿಲ್ಲ. ಅದೇ ಕಡೇದು."

ಆಗಸ್ಟ್ 9. ಚಕ್ರದಲ್ಲಿ ಮೇ 16 — ಈ ಶುಕ್ರವಾರ! ಅಂದರೆ ಈಗ ಮೂವತ್ತೊಂಬತ್ತು ವಾರ; ಟೇಪು ಹಿಡಿದರೆ ಹೊಟ್ಟೆ ಮೂವತ್ತೈದೇ ವಾರದ್ದು. ನಾಲ್ಕು ವಾರ ಎಲ್ಲಿ ಹೋದವು? ವಾರದ ಲೆಕ್ಕ ತಾಳೆ ನೋಡಲು ಮೊದಲ ಸ್ಕ್ಯಾನಿಂಗ್ ಮಾಡಿಸಿಯೇ ಇಲ್ಲ. ಮಗು ಬೆಳೆಯುತ್ತಿಲ್ಲ, ಶನಿವಾರ ಅಡ್ಮಿಟ್ ಮಾಡಿ ನೋವು ಬರಿಸೋಣ ಎಂದರು ಡಾಕ್ಟರ್ ಮೇಡಂ.

ಮೇ 13

ತಲೆಯಿಂದ ಹೋಗುತ್ತಿಲ್ಲ. ಚಕ್ರವೇ ಕೆಟ್ಟಿದೆಯೇ? ಹಳೇ ರಿಜಿಸ್ಟರಿನ ಹತ್ತು ಹೆರಿಗೆ ಹಾಕಿ ನೋಡಿದೆ. ಚೆನ್ನಾಗಿಯೇ ಇದೆ. ಹಾಗಾದರೆ ತಾರೀಖೇ ತಪ್ಪು. ಬಾಣವನ್ನು ನಾಲ್ಕು ವಾರ ಮುಂದಕ್ಕೆ ತಳ್ಳಿದೆ. ಸೆಪ್ಟೆಂಬರ್ 6. ಹೋದ ವರ್ಷದ ಕ್ಯಾಲೆಂಡರ್ ಹುಡುಕಿ ತೆಗೆದೆ… ಗೌರಿ ಹಬ್ಬ!

ಮೇ 15

ಮಗುವಿನ ಎದೆಬಡಿತ ನೋಡಬೇಕೆಂದು ರಾಧಾಮಣಿಯನ್ನು ಕರೆಸಿದೆ. ಅತ್ತೆಯನ್ನು ಹೊರಗೆ ಕೂರಿಸಿ, ಗೌರಿ ಹಬ್ಬದ ದಿನ ಏನಾಯಿತು ಎಂದೆ. ಹುಡುಗಿ ಅತ್ತೇಬಿಟ್ಟಳು.

"ಮದ್ವೆ ಆದ್ಮೇಲೆ ಮೊದಲ್ನೇ ಗೌರಿ ಅಬ್ಬ ಅಕ್ಕ. ಅಮ್ಮ ಬಾಗಿನ ತಂದಿದ್ಲು. ಅವತ್ತೇ ಒರಗಾದೆ. ಒರಗೆ ಕೂತ್ರೆ ಬಾಗಿನ ಇಸ್ಕೊಳ್ಳೋದೆಂಗೆ? ಯಾರ್ಗೂ ಏಳ್ಲಿಲ್ಲ. ಪೂಜೆನೂ ನಾನೇ ಮಾಡ್ದೆ. ಅತ್ತೆಗೆ ಗೊತ್ತಾದ್ರೆ ಮನೆಗೇ ಸೇರ್ಸಲ್ಲ."

ಕೋಪ ಬಂತು. ಪಾಪ ಅಂತಲೂ ಅನ್ನಿಸಿತು. ಸುಮ್ಮನಿದ್ದರೆ ದಿನ ತುಂಬದ ಕೂಸನ್ನು ಈಚೆಗೆ ತರುತ್ತಾರೆ. ಬಾಯಿ ಬಿಟ್ಟರೆ ಇವಳ ಸಂಸಾರ.

ಮೇ 16

ಡಾಕ್ಟರಿಗೆ ಒಬ್ಬರಿಗೇ ಹೇಳಿದೆ. ಸದ್ಯ, ಒಪ್ಪಿದರು — ವಾರವಾರ ನೋಡುತ್ತ ಕಾಯೋಣ ಎಂದರು. ಪಾಪಕ್ಕನಿಗೆ ಮಾತ್ರ, ಚಕ್ರ ತಪ್ಪಾಗಿ ತಿರುಗಿಸಿದ್ದೆ, ನನ್ನದೇ ತಪ್ಪು ಎಂದೆ. "ರಟ್ಟು ನಂಬ್ಕೊಂಡು ಕೂಸಿನ್ ಲೆಕ್ಕ ಆಕ್ತೀರಾ?" ಎಲ್ಲರೆದುರಿಗೆ ಮುಖದ ನೀರಿಳಿಸಿದಳು.

ಜೂನ್ 12, ಬೆಳಿಗ್ಗೆ 11

ರಾಧಾಮಣಿಗೆ ಹೆಣ್ಣು. ಎರಡು ಕೆಜಿ ಒಂಬೈನೂರು. ಏನು ಅಳು! ಖುಷಿಗೆ ನನ್ನ ಕಣ್ಣಲ್ಲೂ ನೀರು.

ಪಾಪಕ್ಕ ಕಾರಿಡಾರಿನ ಬೆಂಚಿನಲ್ಲಿ ಬೆರಳು ಮಡಚಿ ಹಿಂದಕ್ಕೆ ಎಣಿಸುತ್ತಿದ್ದಳು. ಜ್ಯೇಷ್ಠ, ವೈಶಾಖ, ಚೈತ್ರ… ಭಾದ್ರಪದಕ್ಕೆ ಬಂದು ಬೆರಳು ನಿಂತಿತು. ನನ್ನ ಮುಖ ನೋಡಿದಳು. ಹತ್ತಿರ ಕರೆದು ಕೂರಿಸಿಕೊಂಡಳು.

"ಅವ್ಳಿಗೆ ಏಳ್ಬೇಡ ಸಿಸ್ಟರಮ್ಮ, ನಂಗೆ ಗೊತ್ತಾಯ್ತು ಅಂತ. ನನ್ ಮೊದಲ್ನೇ ಗೌರಿ ಅಬ್ಬಕ್ಕೆ ನಾನೂ ನಮ್ಮತ್ತೆಗೆ…"