ಭಾರದ ಆರ್ಮ್

ರೀ,

ರಿಪೇರಿಯಾದ ನಿಮ್ಮ ಕಾರನ್ನು ಅಜ್ಜಂಪುರದ ಮಣ್ಣಿನ ರೇಸಿಗೆ ಇಳಿಸುತ್ತೇನೆಂದು ನಿಮ್ಮ ತಮ್ಮ ಚಿಕ್ಕಬೀರಪ್ಪ ಹಟ ಹಿಡಿದ. ಮುಂದಿನ ಚಕ್ರಗಳನ್ನು ಹಿಡಿದಿಡುವ ಎರಡು ಜೊತೆ ಆರ್ಮ್‌ಗಳನ್ನು ತರೀಕೆರೆಯಿಂದ ತಂದು ನನ್ನ ಮುಂದಿಟ್ಟ.

"ಅಣ್ಣ ಹಾಕ್ತಿದ್ದಂಥ ಹಗುರದ್ದಾದ್ರೆ ಗಾಡಿ ಹಾರ್ತದೆ. ಭಾರದ್ದು ಮುರಿಯಲ್ಲ, ಆದ್ರೆ ನಿಧಾನ. ಯಾವ್ದು ಹಾಕ್ಲಿ ಅತ್ತಿಗೆ?"

ನನಗೇನು ಗೊತ್ತು? ಎರಡನ್ನೂ ಎತ್ತಿ ನೋಡಿದೆ. ರೇಸಿನಲ್ಲಿ ನೀವು ತೀರಿಹೋದ ದಿನ ಮುರಿದದ್ದು ಆ ಹಗುರದ್ದೇ ಅಲ್ಲವೇ? "ಭಾರದ್ದೇ ಹಾಕಪ್ಪ" ಎಂದೆ.

ನಿನ್ನೆ ರೇಸಿನಲ್ಲಿ ಎಲ್ಲರಿಗಿಂತ ಹಿಂದೆ ಬಂದ. "ನಿಮ್ಮ ಮಾತು ಕೇಳಿ ಮಾನ ಹೋಯ್ತಲ್ಲ ಅತ್ತಿಗೆ" ಎಂದು ರೇಗಿದವನು, ಕೂತು ಎರಡು ಮುದ್ದೆ ಉಂಡ. ನಾನು ಹೇಳಿದ್ದು ಸರಿಯೋ ತಪ್ಪೋ, ಈಗಲೂ ತಿಳಿಯುತ್ತಿಲ್ಲ. ಇಂಥದ್ದನ್ನು ನೀವು ನನ್ನನ್ನು ಒಮ್ಮೆಯೂ ಕೇಳಿರಲಿಲ್ಲವಲ್ಲ.