ನಿನ್ನ ಆರು ಮೋಡ್‌ನ ಪೆಡಲ್ ಬಗ್ಗೆ

ಚಾಮರಾಜಪೇಟೆ
೨೩ ನವೆಂಬರ್ ೨೦೦೪, ಮಂಗಳವಾರ

ಮುನಿಕೃಷ್ಣ,

ಮೇಲೆ 'ಪ್ರೀತಿಯ' ಎಂದು ಬರೆಯಲು ಕೈ ಬರುತ್ತಿಲ್ಲ, ಅಷ್ಟು ಸಿಟ್ಟು ಬಂದಿದೆ. ಬೇಜಾರು ಮಾಡಿಕೊಳ್ಳಬೇಡ. ಮಾಡಿಕೊಂಡರೆ ಮಾಡಿಕೋ, ಆದರೆ ಕೊನೆಯವರೆಗೂ ಓದು.

ಕಾಟನ್‌ಪೇಟೆ ಇಲ್ಲಿಂದ ಎಷ್ಟು ಮಹಾ ದೂರ? ನಡೆದು ಬಂದೇ ಹೇಳಬಹುದಿತ್ತು. ಎರಡು ಸಲ ಫೋನ್ ಕೂಡ ಮಾಡಿದೆ. ನೀನು 'ಹೇಳು ಶಿವಿ, ಹೆಂಗಿದೆ ನಮ್ ಪೆಟ್ಟಿಗೆ?' ಅಂದ ಕೂಡಲೇ ನನ್ನ ಬಾಯಿ ತಾನಾಗಿಯೇ 'ಚೆನ್ನಾಗಿದೆ' ಅನ್ನಲು ಹೊರಟಿತು. ಬೀಗರ ಮನೆಯಲ್ಲಿ ಊಟ ಹೇಗಿತ್ತು ಎಂದು ಕೇಳಿದರೆ ಅನ್ನುತ್ತೇವಲ್ಲ, ಆ 'ಚೆನ್ನಾಗಿದೆ'. ನಾಲಿಗೆ ಕಚ್ಚಿಕೊಂಡು, ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಎರಡು ಸಲವೂ ಫೋನ್ ಇಟ್ಟೆ. ಅದಕ್ಕೇ ಈ ಕಾಗದ.

ಬರುವ ಶುಕ್ರವಾರ ನೀನು ನಿಮ್ಮಪ್ಪನ ಕಾಲದ ರೇಡಿಯೋ ರಿಪೇರಿ ಅಂಗಡಿಯನ್ನು ಪಕ್ಕದ ಬಟ್ಟೆ ವ್ಯಾಪಾರಿಗೆ ಬಿಟ್ಟುಕೊಟ್ಟು, ಕೀಲಿಕೈ ಒಪ್ಪಿಸಿ, ಬಿನ್ನಿಪೇಟೆಯಲ್ಲಿ ಶೆಡ್ ಹಿಡಿದು, ಗಿಟಾರಿನ ಸದ್ದು ಬದಲಾಯಿಸುವ ಈ ಪೆಡಲ್ ಪೆಟ್ಟಿಗೆಯನ್ನು ನೂರು ಮಾಡಲು ಹೊರಟಿದ್ದೀಯ. 'ಹದಿನಾಲ್ಕು ವರ್ಷ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸಿರೋಳು ನೀನು. ನೀನು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ' ಎಂದು ಪೆಟ್ಟಿಗೆಯ ಜೊತೆ ಚೀಟಿ ಬೇರೆ ಇಟ್ಟಿದ್ದೀಯ. ಎಂಥ ಕಲ್ಲು ತಂದು ನನ್ನ ತಲೆ ಮೇಲೆ ಇಟ್ಟೆಯೋ ಮಾರಾಯ!

ಊಹೂಂ, ಮುನಿಕೃಷ್ಣ. ಕೀಲಿಕೈ ಕೊಡಬೇಡ.

ಹತ್ತು ದಿನ ನೋಡಿಯೇ ಹೇಳುತ್ತಿದ್ದೇನೆ. ನಿನ್ನ ಕೋರಸ್ ಮೋಡ್‌ನಲ್ಲಿ ಒಂದು ಗಿಟಾರ್ ಇಬ್ಬರು ಜೊತೆಯಾಗಿ ನುಡಿಸಿದಂತೆ ಕೇಳಿಸಬೇಕು. ಇಬ್ಬರೇನೋ ಕೇಳಿಸುತ್ತಾರೆ, ಆದರೆ ನಲ್ಲಿ ನೀರಿಗೆ ಜಗಳಕ್ಕೆ ನಿಂತ ಇಬ್ಬರು. ಫೇಸರ್ ಮೋಡ್‌ಗೂ ಫ್ಲಾಂಜರ್ ಮೋಡ್‌ಗೂ ವ್ಯತ್ಯಾಸ ಏನು ಎಂದು ನಾನು ಮೂರು ಸಂಜೆ ಹುಡುಕಿದೆ. ಸಿಕ್ಕಿದ್ದು ತಲೆನೋವು. ರೋಟರಿಯಲ್ಲಿ ಸ್ವರ ಸುತ್ತಬೇಕು, ನಿನ್ನದರಲ್ಲಿ ಫ್ಯಾನ್ ಸುತ್ತುತ್ತದೆ. ಇವನ್ನೆಲ್ಲ ಬದಲಾಯಿಸಲು ಇರುವುದು ಒಂದೇ ಗುಂಡಿ, ಅದರ ಮೇಲೆ ಒಂದು ಗೆರೆಯೂ ಇಲ್ಲ, ಒಂದು ಚುಕ್ಕೆಯೂ ಇಲ್ಲ. ಸ್ಟೇಜಿನ ಮೇಲೆ ರೇಷ್ಮೆ ಸೀರೆ ಉಟ್ಟು, ಕೊರಳಿಗೆ ಗಿಟಾರ್ ನೇತುಹಾಕಿಕೊಂಡು, ಪಲ್ಲವಿಗೂ ಚರಣಕ್ಕೂ ನಡುವೆ ನಾನು ಬಗ್ಗಿ ಆ ಗುಂಡಿ ತಿರುಗಿಸಬೇಕಂತೆ! ಒಂದು ಸಲ ಸೀರೆ ಉಟ್ಟು ಬಗ್ಗಿ ನೋಡು, ಆಮೇಲೆ ಡಿಸೈನ್ ಮಾಡು.

ಇನ್ನು ಟ್ರೆಮೊಲೊ. ಭಾನುವಾರ ಬಸವನಗುಡಿಯಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ ಇತ್ತು. ಡ್ಯುಯೆಟ್ ಶುರುವಾಗುವಾಗ ಧೈರ್ಯ ಮಾಡಿ ಅದನ್ನು ಹಾಕಿದೆ. ಸದ್ದು ಏರಿಳಿಯುತ್ತಾ ಅಲೆಯಬೇಕಾದದ್ದು ಸರಿ. ಆದರೆ ನಿನ್ನ ಪೆಟ್ಟಿಗೆ ಅದನ್ನು ಕಡಿದು ಕಡಿದು ಕೊಟ್ಟಿತು. ಮೈಕ್‌ಸೆಟ್ ಶೀನಣ್ಣ ಹಾಡಿನ ನಡುವೆಯೇ ಇನ್ಸುಲೇಶನ್ ಟೇಪ್ ಹಿಡಿದು ಸ್ಟೇಜ್ ಮೇಲೆ ಓಡಿ ಬಂದರು. 'ಅಲ್ಲಾಡ್ಬೇಡಮ್ಮ, ವೈರ್ ಲೂಸಾಗಿದೆ' ಎಂದು ನನ್ನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ಕೇಬಲ್ ಕಿತ್ತೇಬಿಟ್ಟರು. ಜನ ಶಿಳ್ಳೆ ಹೊಡೆದರು. ಹಾಡುತ್ತಿದ್ದ ವರದರಾಜ ಗಿಟಾರ್ ಇಲ್ಲದೆಯೇ ಹಾಡು ಮುಗಿಸಿ, ಮೈಕಿನಲ್ಲೇ 'ನಮ್ ಮೇಡಂ ಇವತ್ತು ಮೌನವ್ರತ' ಅಂದ. ನನ್ನ ಮಾನ ಹೋಯಿತು.

ಮನೆಗೆ ಬಂದು ಪೆಟ್ಟಿಗೆಯನ್ನು ಎತ್ತಿ ಬಿಸಾಡಬೇಕು ಅನಿಸಿತ್ತು. ಸೋಮವಾರ ಬೆಳಿಗ್ಗೆ, ಉಳಿದದ್ದು ಒಂದು, ಅದನ್ನೂ ನೋಡಿ ಬೈದುಬಿಡೋಣ ಎಂದು ಆರನೆಯ ಮೋಡ್ ಹಾಕಿದೆ. ಅದೇ, ಸ್ವರವನ್ನೇ ಸ್ವಲ್ಪ ಅಲುಗಿಸುವ ವೈಬ್ರಾಟೊ. 'ಆರನೇದು ಸುಮ್ನೆ ಹಾಕಿದೀನಿ, ಬೇಡ ಅಂದ್ರೆ ಕಿತ್ತಾಕ್ತೀನಿ' ಎಂದು ಚೀಟಿಯಲ್ಲಿ ನೀನೇ ಬರೆದಿದ್ದೆ. ನಾಲ್ಕು ಸ್ವರ ನುಡಿಸಿದೆನೋ ಇಲ್ಲವೋ, ಹಜಾರದಲ್ಲಿ ಪೇಪರ್ ಓದುತ್ತಿದ್ದ ನಮ್ಮಪ್ಪ ಅಲ್ಲಿಂದಲೇ ಕೂಗಿದರು: 'ಶಿವೂ, ಮುನಿಕೃಷ್ಣನ ಅಂಗಡಿ ಟೇಪ್ ರೆಕಾರ್ಡರ್ ಯಾವಾಗ ತಂದೆ?'

ನನ್ನ ಕೈ ನಿಂತುಹೋಯಿತು.

ಎಂಬತ್ತೆಂಟರಲ್ಲಿ ನಾವಿಬ್ಬರೂ ಗಿಟಾರ್ ಕಲಿತದ್ದು ನಿಮ್ಮ ಅಂಗಡಿಯ ಆ ಟೇಪ್ ರೆಕಾರ್ಡರ್ ಮುಂದೆ ಕೂತು. ಕಾಪಿಯ ಕಾಪಿ ಮಾಡಿದ ಕ್ಯಾಸೆಟ್ಟು, ಒಳಗೆ ಸಡಿಲವಾದ ಬೆಲ್ಟು. ಪ್ರತಿ ಸ್ವರವೂ ಎಳೆದು, ಜಾರಿ, ಮತ್ತೆ ನೆಟ್ಟಗಾಗುತ್ತಿತ್ತು. ಎಲೆಕ್ಟ್ರಿಕ್ ಗಿಟಾರ್ ಅಂದರೆ ಹಾಗೇ ಎಂದು ನಾವು ನಂಬಿದ್ದೆವು. ಆ ಅಲುಗಾಟ ತರಲು ನಾನು ತಂತಿ ಎಳೆದೆಳೆದು ಬೆರಳ ತುದಿ ಸುಲಿಸಿಕೊಂಡಿದ್ದೇನೆ. ಅದು ಬೆಲ್ಟಿನ ದೋಷ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಅದೇ ಹಾಡನ್ನು ಸಿಡಿಯಲ್ಲಿ ಕೇಳಿದಾಗ. ನಿನಗೆ ಇವತ್ತಿಗೂ ಗೊತ್ತಾಗಿಲ್ಲ. ಇಡೀ ಪೇಟೆಯ ಟೇಪ್ ರೆಕಾರ್ಡರುಗಳಿಗೆ ಹೊಸ ಬೆಲ್ಟ್ ಹಾಕಿದೆ, ನಿನ್ನದಕ್ಕೆ ಹಾಕಲಿಲ್ಲ. ಆ ಹಳೆಯ ಅಲುಗಾಟವನ್ನು ಕಿವಿಯಲ್ಲಿ ಇಟ್ಟುಕೊಂಡೇ ಆರೂ ಮೋಡ್‌ಗಳ ವೇಗ ಕೂರಿಸಿದ್ದೀಯ. ಅದಕ್ಕೇ ಐದು ಕೆಟ್ಟಿವೆ. ಆರನೆಯದು ಮಾತ್ರ ಬೇರೆ. ಅಂಥ ಸದ್ದು ನಾನು ಯಾವ ಫಾರಿನ್ ಪೆಡಲ್‌ನಲ್ಲೂ ಕೇಳಿಲ್ಲ. ಅರ್ಧ ಗಂಟೆ ಕೆಳಗಿಡದೆ ನುಡಿಸಿದೆ. ಅಪ್ಪ ಪೇಪರ್ ಮಡಿಚಿಟ್ಟು ಬಂದು ಎದುರಿಗೆ ಕೂತರು. ಕಣ್ಣಲ್ಲಿ ನೀರು ಬಂತು ಕಣೋ, ನಾಚಿಕೆ ಏನು ಹೇಳಲು.

ಆಮೇಲೆ ಇನ್ನೂ ಜಾಸ್ತಿ ಸಿಟ್ಟು ಬಂತು. ಇಷ್ಟು ಮಾಡಬಲ್ಲವನು ಅದನ್ನು ಆರನೆಯದಾಗಿ ಮೂಲೆಗೆ ತಳ್ಳಿ, ಯಾರ್ಯಾರದೋ ನೋಡಿ ಕಾಪಿ ಮಾಡಿದ ಐದನ್ನು ಮುಂದೆ ಯಾಕೆ ನಿಲ್ಲಿಸಿದ? ಇದನ್ನೇ ಕೇಳಿಕೊಂಡು ನಿನ್ನೆಯೆಲ್ಲ ತಿರುಗಿದೆ. ಉತ್ತರ ನನಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದೆ, ಅಷ್ಟೆ.

ತೊಂಬತ್ತೇಳರಲ್ಲಿ ನೀನು ಮೊದಲ ಪೆಡಲ್ ಮಾಡಿದ್ದೆ. ಅದರಲ್ಲಿ ಇದ್ದದ್ದು ಒಂದೇ ಸದ್ದು. ಗಾಂಧಿನಗರದ ನಮ್ಮ ರಿಹರ್ಸಲ್ ರೂಮಿಗೆ ಅದನ್ನು ಪೇಪರ್‌ನಲ್ಲಿ ಸುತ್ತಿ, ದಾರ ಕಟ್ಟಿ ತಂದುಕೊಟ್ಟೆ. ನಾಲ್ಕು ದಿನ ಬಿಟ್ಟು ಬಂದಾಗ ನಾನು 'ಸೂಪರ್ ಗುರು, ಮಾಡ್ಬಿಡು' ಅಂದೆ. ನೀನು ಇಪ್ಪತ್ತೈದು ಮಾಡಿದೆ. ಇಪ್ಪತ್ತೈದೂ ವಾಪಸ್ ಬಂದವು, ಸ್ಟೇಜಿನ ಲೈಟ್ ಹತ್ತಿದ ಕೂಡಲೇ ಒಳಗಿಂದ ಗುಯ್ ಅನ್ನುತ್ತಿದ್ದವಂತೆ. ಅವತ್ತು ನೀನು ನನ್ನನ್ನು ಬೈಯಲಿಲ್ಲ. 'ನಿನಗೆ ಸರಿಯಾಗಿ ಕೇಳ್ಸಿದೆ ಅಂದ್ರೆ ನನ್ ಕಿವೀನೇ ಸರಿ ಇಲ್ಲ ಬಿಡು' ಅಂದೆ. ಏಳು ವರ್ಷ ಬೆಸುಗೆ ಕಡ್ಡಿ ಮುಟ್ಟಿದ್ದು ಬರೀ ಬೇರೆಯವರ ರೇಡಿಯೋಗೆ. ಈಗ ಮತ್ತೆ ಧೈರ್ಯ ಮಾಡಿದಾಗಲೂ ನಿನ್ನ ಕಿವಿಯನ್ನು ನಂಬದೆ, ಒಂದಲ್ಲ ಒಂದು ನಾಟಲಿ ಎಂದು ಆರು ತುಂಬಿಸಿದ್ದೀಯ.

ಮುನಿಕೃಷ್ಣ, ಅವತ್ತು ಸೂಪರ್ ಅಂದಾಗ ನಾನು ಆ ಪೆಡಲ್ ಹಾಕಿ ಕೇಳಿರಲೇ ಇಲ್ಲ. ಅದೇ ವಾರ ನನಗೆ ಸಿಂಗಪುರದಿಂದ ಹೊಸದೊಂದು ಬಂದಿತ್ತು, ಅದರ ಜಂಬದಲ್ಲಿದ್ದೆ. ನಿನ್ನ ಪೊಟ್ಟಣ ನಾಲ್ಕು ದಿನ ಶೆಲ್ಫಿನ ಮೇಲೆ ಇದ್ದ ಹಾಗೇ ಇತ್ತು. ನೀನು ಮೆಟ್ಟಿಲು ಹತ್ತುವ ಸದ್ದು ಕೇಳಿ, ನೀನು ಹಾಕಿದ್ದ ಗಂಟು ಬಿಚ್ಚಿ, ಬೇರೆ ಥರ ಗಂಟು ಹಾಕಿದೆ. ತೆಗೆದು ನೋಡಿದ ಹಾಗೆ ಕಾಣಲಿ ಎಂದು.

ನಿನ್ನ ಕಿವಿಗೆ ಏನೂ ಆಗಿಲ್ಲ. ಇನ್ನು ಮೇಲೆ ನನ್ನನ್ನು ಕೇಳಬೇಡ, ಅದನ್ನು ಕೇಳು.

ನಿನ್ನ ಅಂಗಡಿಯ ಶಟರ್ ಶುಕ್ರವಾರವೂ, ಅದರ ಮರುದಿನವೂ ನಿನ್ನ ಕೈಯಲ್ಲೇ ಮೇಲೇಳಲಿ. ಬೈಯುವುದಿದ್ದರೆ ಮನೆಗೆ ಬಂದು ಬೈ, ಬಾಗಿಲು ತೆಗೆದಿರುತ್ತೇನೆ.

ಏಳು ವರ್ಷ ತಡವಾಗಿ ನಿಜ ಹೇಳಿದ,
ಶಿವಕುಮಾರಿ